ಕೋತಿ ಗೆದ್ದ ಗಡಿಯಾರ

ಹಲ್ಲುದುರಿದ ಮುದಿ ಕೋತಿಯೊಂದು ಎರಡು ದಿನದಿಂದ ಉಪವಾಸ ಕೂತಿತ್ತು. ಅಳಿಲೊಂದು ಮಾಗಿದ ಸೀಬೆಹಣ್ಣು ತಂದು ಅದರ ಮುಂದಿಟ್ಟಿತು. ಕೋತಿ ಹಣ್ಣು ಮುಟ್ಟದೆ ಅಳಿಲನ್ನೇ ದಿಟ್ಟಿಸಿ, "ಇದರಿಂದ ನಿನಗೇನು ಲಾಭ?" ಎಂದು ಕೇಳಿತು.

"ಏನೂ ಇಲ್ಲ ಅಜ್ಜ, ಹಸಿದಿದ್ದೀರಿ ಅಂತ ತಂದೆ."

"ಎಲ್ಲರೂ ಹಾಗೇ ಹೇಳುತ್ತಾರೆ. ಪ್ರಾಯದಲ್ಲಿ ಒಂದು ಬೇಸಿಗೆ ನಾನು ಊರೂರು ತಿರುಗುವ ಎಕ್ಸಿಬಿಷನ್ನಿನಲ್ಲಿ ದುಡಿದವನು. ಅಲ್ಲಿ ರಿಂಗ್ ಎಸೆದು ಗಡಿಯಾರ ಗೆಲ್ಲುವ ಅಂಗಡಿಯೊಂದಿತ್ತು. ಜನರಿಗೆ ಕೊಡುತ್ತಿದ್ದ ರಿಂಗು ಗಡಿಯಾರಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಎಷ್ಟು ಎಸೆದರೂ ಕೂರುತ್ತಿರಲಿಲ್ಲ."

ಅಳಿಲಿಗೆ ಕನಿಕರವಾಯಿತು. "ಪಾಪ, ನೀವೆಷ್ಟು ಸಲ ಸೋತಿರೋ."

"ನಾನೇಕೆ ಸೋಲಲಿ? ಜನರನ್ನು ಸೆಳೆಯಲು ದಿನಾ ಮೊದಲು ಎಸೆದು ಗೆಲ್ಲುತ್ತಿದ್ದವನೇ ನಾನು. ನನ್ನ ರಿಂಗು ದೊಡ್ಡದಿತ್ತು," ಎನ್ನುತ್ತ ಕೋತಿ ಹಣ್ಣನ್ನು ದೂರ ತಳ್ಳಿ, ಹಸಿದ ಹೊಟ್ಟೆಯಲ್ಲೇ ಮುಖ ತಿರುಗಿಸಿ ಕೂತಿತು.