ಮರಿಯ ಚೀಲ

“ಅಜ್ಜಾರೇ, ಸಂಸಾರಸ್ಥನಿಗೆ ಎಷ್ಟು ಸಾಮಾನಿದ್ದರೆ ಸಾಕು?”

ಸೋಮವಾರ ಬೆಳಗಿನ ಪೂಜೆ ಮುಗಿಸಿ ಮಠದ ಜಗಲಿಗೆ ಬಂದು ಕೂತ ಗುರುಗಳನ್ನು ಮುರಿಗೆಪ್ಪ ಹೀಗೆ ಕೇಳಿದ. ಕೇಳಲು ಕಾರಣವಿತ್ತು. ನಾಲ್ಕು ದಿನದ ಹಿಂದೆ ಅವನ ಅಕ್ಕ ನೀಲಗಂಗವ್ವ, ಗಂಡ ತೀರಿಕೊಂಡ ಮೇಲೆ, ಒಂದು ಸಣ್ಣ ಗಂಟು ಹಿಡಿದುಕೊಂಡು ತಮ್ಮನ ಬಾಗಿಲಿಗೆ ಬಂದಿದ್ದಳು. ಅವನದು ಮೂರಂಕಣದ ಮನೆ. ಎರಡು ಅಂಕಣದ ತುಂಬ ಹಂಡೆ, ಕೊಪ್ಪರಿಗೆ, ಮಂಚ, ಹಳೆಯ ಪೆಟ್ಟಿಗೆಗಳು. ಎಂದಾದರೂ ಬೇಕಾದೀತೆಂದು ಎತ್ತಿಟ್ಟ ತೊಟ್ಟಿಲು ಬೇರೆ. ಅದರಲ್ಲಿ ಅವನನ್ನು ಮಲಗಿಸಿ ತೂಗಿದವಳು ಆ ಅಕ್ಕನೇ.

“ಕಾಲಿಡಲು ಜಾಗವಿಲ್ಲ ಅಕ್ಕಾ, ಹಬ್ಬ ಕಳೆಯಲಿ, ನೋಡೋಣ” ಎಂದಿದ್ದ. ಆಕೆ ತವರಿನ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂತಿರುಗಿದ್ದಳು. ಗಂಡನ ಊರಿಗೆ ಹೋಗಿರಬೇಕೆಂದು ಅವನು ತಿಳಿದಿದ್ದ. ಅಂದಿನಿಂದ ಆಕೆಯನ್ನು ಹಾಗೆ ಕಳಿಸಿಬಿಟ್ಟದ್ದೇ ಅವನ ಮನಸ್ಸಿನಲ್ಲಿತ್ತು. ಆದರೆ ಅದನ್ನು ಗುರುಗಳ ಮುಂದೆ ಎತ್ತಲಿಲ್ಲ. ಸಾಮಾನಿನ ಮಾತನ್ನಷ್ಟೇ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಅವನಿಗೆ ಹೆಂಡತಿ, ಒಂದು ಮಂದೆ, ಹೇರಲು ಒಂದು ಕುದುರೆ. ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ತಂಗಿಸುತ್ತ, ಅವರು ಕೊಟ್ಟ ಜೋಳದಲ್ಲಿ ಹೊಟ್ಟೆ ಹೊರೆಯುತ್ತ ಊರೂರು ತಿರುಗುತ್ತಿದ್ದ. ಅವನ ಹಿರಿಯರದೊಂದು ಪದ್ಧತಿಯಿತ್ತು. ಬಿಡಾರ ಕೀಳುವ ದಿನ ಕುದುರೆಯ ಬೆನ್ನಿಗೆ ಮೊದಲು ಕಟ್ಟುವುದು ಒಂದು ಖಾಲಿ ಕಂಬಳಿ ಚೀಲ. ಉಳಿದದ್ದೆಲ್ಲ ಆಮೇಲೆ. ದಾರಿಯಲ್ಲಿ ಕುರಿ ಈದರೆ ನಡೆಯಲಾರದ ಮರಿಗೆ ಆ ಚೀಲ.

ಒಂದು ವರ್ಷ ಒಬ್ಬ ರೈತ ಜೋಳದ ಜೊತೆಗೆ ತಾಮ್ರದ ಕೊಡ ಕೊಟ್ಟ. ಇನ್ನೊಬ್ಬ ಹಿತ್ತಾಳೆಯ ಹಂಡೆ ಕೊಟ್ಟ. ಪ್ರೀತಿಯಿಂದ ಕೊಟ್ಟದ್ದು, ಬೇಡವೆನ್ನಲು ಇವನಿಗೆ ನಾಲಿಗೆ ಏಳಲಿಲ್ಲ. ಹಂಡೆ ಹೆಂಡತಿಯ ತಲೆಗೇರಿತು. ಕುದುರೆಯ ಮೇಲೆ ಹಿಡಿಸದ ಜೋಳದ ಮೂಟೆ ಅವನ ಹೆಗಲಿಗೆ ಬಂತು. ಕೊಡಕ್ಕೆ ಎಲ್ಲೂ ಜಾಗ ಸಿಗದಾಗ ಕಣ್ಣು ಚೀಲದ ಮೇಲೆ ಬಿತ್ತು.

“ಅದು ಮರಿಯ ಜಾಗ” ಎಂದಳು ಹೆಂಡತಿ.

“ಯಾವ ಮರಿಯೇ? ಇನ್ನೂ ಹುಟ್ಟೇ ಇಲ್ಲ. ಗಾಳಿ ಹೊರೋಕೆ ಸಾಕಿದ್ದೀವಾ ಈ ಕುದುರೇನ?” ಎಂದು ನಕ್ಕು ಕೊಡವನ್ನು ಚೀಲಕ್ಕೆ ತುರುಕಿದ.

ನಡುದಾರಿಯಲ್ಲಿ ಒಂದು ಕುರಿ ಈಯಿತು. ಬಿಸಿಲು ಏರುತ್ತಿತ್ತು, ನೀರು ಇನ್ನೂ ದೂರವಿತ್ತು. ಮಂದೆಯನ್ನು ನಿಲ್ಲಿಸುವಂತಿರಲಿಲ್ಲ. “ತಾಯಿಯ ಹಿಂದೆ ನಡೆದೀತು ಬಿಡು” ಎಂದ. ಮರಿ ಇಪ್ಪತ್ತು ಹೆಜ್ಜೆ ನಡೆಯಿತು. ಬಿತ್ತು. ಎದ್ದಿತು. ಮತ್ತೆ ಬಿತ್ತು. ಅವನು ಕೊಡದ ಕಡೆ ನೋಡಿದ; ಮುಂದೆ ಮಗಳು ಹುಟ್ಟಿದರೆ ಮದುವೆಗೆ ಆದೀತು ಅನ್ನಿಸಿತು. ಹಂಡೆಯ ಕಡೆ ನೋಡಿದ. ಕೊಟ್ಟವನು ಏನಂದುಕೊಂಡಾನು ಅನ್ನಿಸಿತು. ಜೋಳವಂತೂ ಅನ್ನ. ಅವನು ಹೀಗೆ ನೋಡುತ್ತಿರುವಾಗಲೇ ಹೆಂಡತಿ ಹಂಡೆಯನ್ನು ದಾರಿಗೆಸೆದು ಹಿಂದಕ್ಕೆ ಓಡಿದಳು. ಅವಳು ಎತ್ತಿಕೊಳ್ಳುವಷ್ಟರಲ್ಲಿ ಮರಿಯ ಕತ್ತು ಜೋತುಬಿದ್ದಿತ್ತು. ತಾಯಿ ಕುರಿ ಅವಳ ಕೈಯಲ್ಲಿದ್ದದ್ದನ್ನೇ ನೆಕ್ಕುತ್ತಿತ್ತು.

ಕುರಿಗಾಹಿ ಕೆಟ್ಟವನೇನಲ್ಲ, ಮುರಿಗೆಪ್ಪಾ. ಅಲ್ಲೇ ಕೂತು ಮಗುವಿನ ಹಾಗೆ ಅತ್ತ. ಕೊಡ, ಹಂಡೆ ಎರಡನ್ನೂ ಮುಂದಿನ ಊರಿನ ಬಾವಿಕಟ್ಟೆಯ ಮೇಲೆ ಬಿಟ್ಟು ಹೋದ. ಮೊದಲು ಖಾಲಿ ಚೀಲ ಕಟ್ಟಿ, ಆಮೇಲೆ ಕುದುರೆಯ ಬೆನ್ನು ಎಷ್ಟು ಹಿಡಿಯಿತೋ ಅಷ್ಟೇ ಅಂದಿನಿಂದ ಅವನ ಸಂಸಾರ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

“ಚೀಲವೊಂದು ಖಾಲಿ ಇದ್ದಿದ್ದರೆ ಆ ಮರಿ ಬದುಕುತ್ತಿತ್ತಲ್ಲ, ಅಜ್ಜಾರೇ” ಎಂದ.

ಗುರುಗಳು ಮಠದ ಊಟದ ಮನೆಯ ಕಡೆ ನೋಡಿ ಮೆಲ್ಲಗೆ ಹೇಳಿದರು: “ನಿನ್ನ ಅಕ್ಕ ಊರಿಗೆ ಹೋಗಿಲ್ಲಪ್ಪಾ, ನಾಲ್ಕು ದಿನದಿಂದ ಅಲ್ಲಿ ಕಟ್ಟೆಯ ಮೇಲೆ ಮಲಗುತ್ತಿದ್ದಾಳೆ.”

ಮುರಿಗೆಪ್ಪ ಎದ್ದು ಊಟದ ಮನೆಯ ಕಡೆ ನಡೆದ.