ಯಜಮಾನರ ಗಾಡಿಯ ಬ್ಯಾಟರಿ

ಮನೆಮನೆಗೆ ಹಾಲು ಹಾಕುವವನೊಬ್ಬನಿದ್ದನು. ಅವನ ಮೋಟಾರ್‌ಸೈಕಲ್ಲಿಗೆ ಕಿಕ್ಕರ್ ಇರಲಿಲ್ಲ. ಬ್ಯಾಟರಿ ಸತ್ತರೆ ತಳ್ಳುವುದೊಂದೇ ಗತಿ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿಗಳು ಸತ್ತವು. ದಾರಿಯಲ್ಲೇ ಹಾಲು ಒಡೆಯಿತು, ಅರ್ಧದಷ್ಟು ಮನೆಗಳು ಕೈಬಿಟ್ಟುಹೋದವು.

ಊರಿಗೆಲ್ಲ ಬ್ಯಾಟರಿ ಅಂಗಡಿ ಒಂದೇ, ಗುರುಬಸಪ್ಪನವರದು. ಮೂರನೆಯ ಸಲವೂ ಅವರು ಅದೇ ಕಂಪನಿಯದನ್ನು ಕಪಾಟಿನಿಂದ ಇಳಿಸಿದರು.

"ಬೇರೆ ಯಾವುದೂ ಇಲ್ಲವೇನ್ರೀ ಯಜಮಾನ್ರೇ?"

"ನನಗೇ ಬ್ಯಾಟರಿ ಪಾಠ ಹೇಳ್ತೀಯೇನೋ? ನಿನಗೆ ಗಾಡಿ ಓಡಿಸೋಕೆ ಬರೋದಿಲ್ಲ, ಅಷ್ಟೆ. ಇದು ಐದು ವರ್ಷ ಅಲ್ಲಾಡೋದಿಲ್ಲ. ಬೇಕಾದ್ರೆ ತಗೋ, ಇಲ್ಲಾಂದ್ರೆ ತಳ್ಕೊಂಡು ಹೋಗು."

ಹಾಲಿನವನು ಬೇಸತ್ತು ಕೈಮುಗಿದನು. ಯಜಮಾನರ ಸ್ವಂತ ಮೋಟಾರ್‌ಸೈಕಲ್ಲು ಬಾಗಿಲಲ್ಲೇ ನಿಂತಿತ್ತು. ಅದೂ ಅವನ ಗಾಡಿಯಂಥದೇ.

"ಆಯ್ತು ಬುದ್ಧಿ. ಇಂಥ ಉತ್ತಮ ವಸ್ತು ನನ್ನ ಕೈಲಿ ಕೆಡೋದು ಬೇಡ. ಇದು ನಿಮ್ಮ ಗಾಡಿಗೇ ಇರಲಿ. ಹೊಸದರ ಬೆಲೆ ಪೂರ್ತಿ ನಾನೇ ಕೊಡ್ತೀನಿ, ನಿಮ್ಮ ಹಳೇದನ್ನು ನನಗೆ ಕೊಡಿ."

ಹೀಗೆಂದವನೇ ಸ್ಪ್ಯಾನರ್ ಹಿಡಿದು ಆ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತನು.

ಗುರುಬಸಪ್ಪನವರು ಪಂಚೆ ಎತ್ತಿ ಕಟ್ಟಲೂ ಮರೆತು ಓಡಿಬಂದರು. ಗಾಡಿಯನ್ನು ಎರಡೂ ತೋಳುಗಳಿಂದ ತಬ್ಬಿ ಹಿಡಿದರು.

"ಮುಟ್ಟಬೇಡ! ಆ ಬ್ಯಾಟರಿ ನಾಲ್ಕು ವರ್ಷದಿಂದ ಒಂದು ದಿನವೂ ಕೈಕೊಟ್ಟಿಲ್ಲ!"

ಅಂಗಡಿಯಲ್ಲಿ ಮೂವರು ಗಿರಾಕಿಗಳು ಹೊಸ ಬ್ಯಾಟರಿಗಳನ್ನು ಹಿಡಿದು ನಿಂತಿದ್ದರು. ಈ ಮಾತು ಕೇಳಿದೊಡನೆ ಮೂವರೂ ಅವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು.

"ಯಜಮಾನ್ರೇ," ಎಂದನು ಅವರಲ್ಲೊಬ್ಬ, "ನಿಮ್ಮ ಗಾಡಿಯಲ್ಲಿರೋ ಕಂಪನಿಯವು ಒಳಗೆ ಎಷ್ಟಿವೆ?"

ಗುರುಬಸಪ್ಪನವರು ಗಾಡಿಯನ್ನು ಬಿಡದೆಯೇ ಸಣ್ಣ ದನಿಯಲ್ಲಿ ಹೇಳಿದರು: "ನಾಲ್ಕು."