ಒಳಕೋಣೆಯ ಕರು

ಊಟ ಮುಗಿದ ಮೇಲೆ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ.

"ಗುರುಗಳೇ, ಯಾರಿಗೂ ನೋವು ಮಾಡದ ಸುಳ್ಳೊಂದಿದ್ದರೆ, ಅದನ್ನು ಹೇಳುವುದು ತಪ್ಪೇ?"

"ಅಂಥದ್ದೊಂದು ನಿನ್ನ ಬಳಿ ಇದೆಯೇನು?" ಎಂದರು ಗುರುಗಳು.

"ಇಲ್ಲ, ಸುಮ್ಮನೆ ಕೇಳಿದೆ."

"ಹಾಗಾದರೆ ಇದೇ ನಿನ್ನ ಮೊದಲನೆಯದು. ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬಳು ಹೆಂಗಸು ಇದ್ದಳು. ಅವಳ ಗಂಡ ಗಾಡಿ ಹೊಡೆಯುವವನು. ತಿಂಗಳಿಗೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರಿಗೆ ಒಬ್ಬಳೇ ಮಗಳು. ಹುಡುಗಿಗೆ ಏಳು ವರ್ಷವಾಗಿದ್ದರೂ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಕೈಗಳು ತಮಗೆ ತೋಚಿದ ಕಡೆ ಹೋಗುತ್ತಿದ್ದವು. ಮಾತು ಬಂದಿರಲಿಲ್ಲ. ಹಸಿವಾದರೂ ಸಂತೋಷವಾದರೂ ಗಂಟಲಿನಿಂದ ಉದ್ದನೆಯ ಕೂಗೊಂದು ಹೊರಡುತ್ತಿತ್ತು, ಅಷ್ಟೆ.

ಮಗಳನ್ನು ಬಿಟ್ಟು ತಾಯಿ ಕೂಲಿಗೆ ಹೋಗುವಂತಿರಲಿಲ್ಲ. ಹೊತ್ತುಕೊಂಡು ಹೋಗುವಷ್ಟು ಅವಳು ಚಿಕ್ಕವಳಾಗಿಯೂ ಉಳಿದಿರಲಿಲ್ಲ. ಹಾಗಾಗಿ ಆ ಹೆಂಗಸು ಮನೆಯಲ್ಲೇ ಶ್ಯಾವಿಗೆ ಹೊಸೆದು ಮಾರುತ್ತಿದ್ದಳು. ಗೋಧಿ ಹಿಟ್ಟು ನಾದಿ, ಕೂದಲೆಳೆಯಂತೆ ಹೊಸೆದು, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದಳು. ಹೊಸೆಯುವಾಗ ಮಗಳ ತಲೆ ಅವಳ ತೊಡೆಯ ಮೇಲಿರುತ್ತಿತ್ತು. ಅವಳ ಶ್ಯಾವಿಗೆ ಬೇಯಿಸಿದರೆ ಎಳೆ ಎಳೆಯಾಗಿ ನಿಲ್ಲುತ್ತಿತ್ತು, ಮುದ್ದೆಯಾಗುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯವಳು ಕೊಂಡ ಶ್ಯಾವಿಗೆಯನ್ನು ವಾಪಸು ತಂದಳು. "ತಪ್ಪು ತಿಳಿಯಬೇಡ. ಮಗು ಜೊಲ್ಲು ಸುರಿಸುತ್ತದೆ, ನೀನು ಅದೇ ಕೈಯಲ್ಲಿ ಹಿಟ್ಟು ಮುಟ್ಟುತ್ತೀಯೆ. ತಿನ್ನುವ ಪದಾರ್ಥ ನೋಡು, ಮನಸ್ಸು ಒಪ್ಪುವುದಿಲ್ಲ" ಎಂದಳು. ಬಹಳ ಮೆತ್ತಗೆ ಹೇಳಿದಳು. ಮರುವಾರದೊಳಗೆ ಇನ್ನೂ ನಾಲ್ಕು ಮನೆಗಳವರ ಮನಸ್ಸು ಒಪ್ಪದಾಯಿತು.

ಗಂಡಹೆಂಡಿರು ಆ ಊರು ಬಿಟ್ಟು ಬೇರೆ ಊರಿಗೆ ಬಂದರು. ಹೊಸ ಮನೆಗೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಶ್ಯಾವಿಗೆ, ಹಿಂದಿನ ಕೋಣೆಯಲ್ಲಿ ಮಗಳು, ನಡುವೆ ಬಾಗಿಲು. ಕೊಳ್ಳುವವರು ಬಂದಾಗ ಬಾಗಿಲು ಮುಚ್ಚಿದ್ದರೆ ಸಾಕು ಎಂದು ಅವಳು ಲೆಕ್ಕ ಹಾಕಿದ್ದಳು. ಕೂಗಿಗೆ ಬಾಗಿಲಿನ ಹಂಗಿಲ್ಲ ಎಂಬುದು ಮರೆತುಹೋಗಿತ್ತು.

ಮೂರನೆಯ ದಿನ ಎದುರು ಮನೆಯ ಮುದುಕಿ ಶ್ಯಾವಿಗೆ ಕೊಳ್ಳಲು ಬಂದಳು. ಒಳಗಿನಿಂದ ಕೂಗು ಕೇಳಿಸಿತು.

"ಏನದು?" ಎಂದಳು ಮುದುಕಿ.

"ಕರು" ಎಂದಳು ಹೆಂಗಸು. ಬಾಯಿಗೆ ಬಂದದ್ದು ಅದೇ.

"ಮನೆಯೊಳಗೇ ಕಟ್ಟಿದ್ದೀಯಾ?"

"ಬಿಸಿಲು ತಡೆಯುವುದಿಲ್ಲ ಅದಕ್ಕೆ."

"ಹಸು ಎಲ್ಲಿ?"

"ತವರಿನಲ್ಲಿ."

"ಹಸು ತವರಿನಲ್ಲಿ, ಕರು ಇಲ್ಲಿ?"

"ಹಸುವಿಗೂ ನನಗೂ ಸರಿಹೋಗುವುದಿಲ್ಲ" ಎಂದಳು ಹೆಂಗಸು.

ಮುದುಕಿಗೆ ಸೊಸೆಯ ಜೊತೆ ಸರಿಹೋಗುತ್ತಿರಲಿಲ್ಲ. ಆದ್ದರಿಂದ ಅವಳಿಗೆ ಇದು ಅರ್ಥವಾಯಿತು. ಮಾರನೆಯ ದಿನ ತಾಯಿಯಿಲ್ಲದ ಕರುವಿಗೆಂದು ಒಂದು ಹೊರೆ ಹಸಿ ಹುಲ್ಲು ತಂದಿಟ್ಟಳು.

ಕೇರಿಯವರು ಒಳ್ಳೆಯವರು. ಶ್ಯಾವಿಗೆಗೆ ಬಂದವರೆಲ್ಲ ಬರಿಗೈಯಲ್ಲಿ ಬರುವುದನ್ನು ಬಿಟ್ಟರು. ಒಬ್ಬರು ಹುಲ್ಲು ತಂದರು, ಒಬ್ಬರು ಬಾಳೆಹಣ್ಣಿನ ಸಿಪ್ಪೆ ತಂದರು, ಒಬ್ಬರು ಹಿಂಡಿಯನ್ನೇ ನೆನೆಸಿ ತಂದರು. ಹೊರಗೆ ಎಸೆದರೆ ಯಾರಾದರೂ ನೋಡುತ್ತಾರೆ. ಹೆಂಗಸು ಹುಲ್ಲನ್ನು ಒಲೆಗೆ ಹಾಕಿದಳು. ಹಸಿ ಹುಲ್ಲು ಉರಿಯಲಿಲ್ಲ, ಹೊಗೆಯಾಡಿತು. ಕೇರಿಯವರು ಆ ಹೊಗೆ ಕಂಡು, "ಕರುವಿಗೆ ಸೊಳ್ಳೆ ಕಚ್ಚಬಾರದೆಂದು ಹೊಗೆ ಹಾಕುತ್ತಾಳೆ, ಎಂಥ ಅಕ್ಕರೆ" ಎಂದುಕೊಂಡು ಇನ್ನಷ್ಟು ಹುಲ್ಲು ತಂದರು. ಕೊನೆಗೆ ಅವಳು ಹುಲ್ಲನ್ನು ಹಿತ್ತಲಲ್ಲಿ ಒಣಗಿಸಿ, ಮಗಳಿಗೆ ದಪ್ಪನೆಯ ಹಾಸಿಗೆ ಮಾಡಿದಳು. ಆ ಸುಳ್ಳಿನಿಂದ ಮನೆಗಾದ ಲಾಭ ಅದೊಂದೇ.

ಹಬ್ಬ ಬಂತು. ಅಂಗಳ ಸಾರಿಸಬೇಕು, ನಿಮ್ಮ ಕರುವಿನ ಸಗಣಿ ಒಂದು ಹಿಡಿ ಕೊಡು ಎಂದು ಮುದುಕಿ ಕೇಳಿದಳು. ಈಗ ಇಲ್ಲ, ಬೆಳಿಗ್ಗೆ ಕೊಡುತ್ತೇನೆ ಎಂದಳು ಹೆಂಗಸು. ನಸುಕಿನಲ್ಲಿ ಮಗಳು ಮಲಗಿರುವಾಗಲೇ ಪಕ್ಕದ ಕೇರಿಗೆ ಓಡಿ, ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿಕೊಂಡು, ಮಗಳು ಏಳುವುದರೊಳಗೆ ಓಡಿ ಬಂದಳು. ಮುದುಕಿ ಬುಟ್ಟಿ ನೋಡಿದಳು.

"ಕರು ಇಷ್ಟೊಂದು ಹಾಕಿತೇ?"

"ನೀವೇ ತಾನೇ ತಿನ್ನಿಸಿದ್ದು" ಎಂದಳು ಹೆಂಗಸು.

ಅದು ಎಮ್ಮೆಯದಾಗಿತ್ತು.

ವರ್ಷ ಕಳೆಯಿತು. ಕರು ಇನ್ನೂ ಬೆಳೆಯಲಿಲ್ಲವೇ ಎಂದು ಜನ ಕೇಳಿದರು. ಗಿಡ್ಡ ತಳಿ ಎಂದಳು. ಹೊರಗೆ ಏಕೆ ಬಿಡುವುದಿಲ್ಲ ಎಂದರು. ನಾಚಿಕೆ ಸ್ವಭಾವ ಎಂದಳು. ಒಮ್ಮೆ ಗಂಡ ಮನೆಗೆ ಬಂದಾಗ ದಾರಿಯಲ್ಲಿ ಯಾರೋ, "ನಿಮ್ಮ ಕರು ನಿನ್ನೆಯೆಲ್ಲ ಕೂಗಿತು" ಎಂದರು. ಅವನು ಉಣ್ಣುತ್ತ, "ಯಾವ ಕರು?" ಎಂದು ಹೆಂಡತಿಯನ್ನು ಕೇಳಿದ. ಅವಳು ಹೇಳಿದಳು. ಅವನು ತಟ್ಟೆ ಎತ್ತಿಕೊಂಡು ಹೋಗಿ ಮಗಳ ಪಕ್ಕದಲ್ಲಿ ಕೂತು ಉಂಡ.

ಹೀಗಿರುವಾಗ ಒಬ್ಬ ವರ್ತಕ ಬಂದ. ಅವನ ಮನೆಯಲ್ಲಿ ಮದುವೆ. ಬೀಗರ ಊಟಕ್ಕೆ ಶ್ಯಾವಿಗೆ ಪಾಯಸವೇ ಆಗಬೇಕಿತ್ತು. ಅಷ್ಟು ದೊಡ್ಡ ಕೆಲಸ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಎಂಟು ದಿನ ಕೂತು ಹೊಸೆದಳು. ಮುಂದಿನ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕೋಲು ಕಟ್ಟಿ ಒಣಗಿಸಿದಳು. ಒಳಗೆ ಬಂದವರು ಬಗ್ಗಿ ನಡೆಯಬೇಕಾಯಿತು.

ವರ್ತಕ ಅದನ್ನು ಒಯ್ಯಲು ಬಂದ ದಿನವೇ ಒಬ್ಬ ರೈತನೂ ಬಂದ. ಅವನ ಹಿಂದೆ ಒಂದು ಹಸು ಇತ್ತು. ಮುದುಕಿ ಆಗಲೇ ಬಂದು ಕೂತಿದ್ದಳು.

"ತಂಗಿ, ಈ ಹಸುವಿನ ಕರು ಸತ್ತು ನಾಲ್ಕು ದಿನವಾಯಿತು" ಎಂದ ರೈತ. "ಮೇವು ಮುಟ್ಟುತ್ತಿಲ್ಲ, ಹಾಲು ಇಳಿಸುತ್ತಿಲ್ಲ. ನಿನ್ನಲ್ಲಿ ತಾಯಿಯಿಲ್ಲದ ಕರು ಇದೆಯಂತೆ. ನನಗೆ ಕೊಡು."

"ಕೊಡುವುದಿಲ್ಲ."

"ಮಾರುವುದು ಬೇಡ. ಹತ್ತು ದಿನಕ್ಕೆ ಕೊಡು."

"ಅದಕ್ಕೆ ಹುಷಾರಿಲ್ಲ."

"ನನಗೆ ಔಷಧಿ ಗೊತ್ತು."

"ಅದು ಕಚ್ಚುತ್ತದೆ."

ರೈತ ಮುದುಕಿಯ ಮುಖ ನೋಡಿದ. ಮುದುಕಿ, "ಕೊಡಮ್ಮ, ಎರಡು ಜೀವ ತಂಪಾಗುತ್ತವೆ" ಎಂದಳು. ವರ್ತಕನೂ, "ಮದುವೆಯ ಶ್ಯಾವಿಗೆ ಕೊಡುವ ದಿನ ಪುಣ್ಯದ ಕೆಲಸ ಮಾಡು" ಎಂದ. ಹೆಂಗಸು ಒಳಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಆಗ ಒಳಗಿನಿಂದ ಕೂಗು ಬಂತು.

ಹಸು ಕಿವಿ ನಿಮಿರಿಸಿತು. ತಾನೂ ಕೂಗಿತು. ಒಳಗಿನಿಂದ ಮತ್ತೆ ಕೂಗು ಬಂತು. ಹಸು ರೈತನ ಕೈಯಿಂದ ಹಗ್ಗ ಕಿತ್ತುಕೊಂಡು ನೇರವಾಗಿ ಮನೆಯೊಳಗೆ ನುಗ್ಗಿತು. ಅದಕ್ಕೆ ಬಗ್ಗಿ ನಡೆಯಬೇಕೆಂಬುದು ಗೊತ್ತಿರಲಿಲ್ಲ. ಕೋಲುಗಳೆಲ್ಲ ಅದರ ಕೊಂಬಿಗೆ ಸಿಕ್ಕಿ ಕೆಳಗೆ ಬಿದ್ದವು. ನಾಲ್ಕು ದಿನ ಮೇವು ಮುಟ್ಟದ ಹಸು, ಮುಖದ ಮೇಲೆ ಬಿದ್ದ ಶ್ಯಾವಿಗೆಯ ರುಚಿ ನೋಡಿತು. ಇನ್ನೊಂದು ಬಾಯಿ ತಿಂದಿತು. ಉಳಿದದ್ದನ್ನು ತುಳಿದುಕೊಂಡು ಹೋಗಿ, ಒಳಬಾಗಿಲನ್ನು ಹೆಂಗಸಿನ ಸಮೇತ ತಳ್ಳಿತು.

ಎಲ್ಲರೂ ಹಿಂದೆಯೇ ಓಡಿದರು. ಒಳಗೆ ಹುಲ್ಲಿನ ಹಾಸಿಗೆಯ ಮೇಲೆ ಹುಡುಗಿ ಮಲಗಿದ್ದಳು. ಹಸು ಅವಳ ಹಣೆ ನೆಕ್ಕಿತು, ಆಮೇಲೆ ಹಾಸಿಗೆಯನ್ನು ಒಂದು ಅಂಚಿನಿಂದ ತಿನ್ನತೊಡಗಿತು. ಹುಡುಗಿ ಕೈಕಾಲು ಆಡಿಸಿ ನಗುತ್ತಿದ್ದಳು.



"ಇದು ಕರುವಲ್ಲ" ಎಂದ ರೈತ.

"ಅಲ್ಲ" ಎಂದಳು ಹೆಂಗಸು. ಬಗ್ಗಿ ಮಗಳನ್ನು ಎತ್ತಿಕೊಂಡಳು. "ನನ್ನ ಮಗಳು. ಹೆಸರು ತುಂಗವ್ವ. ಎಂಟು ವರ್ಷ. ನಡೆಯಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ. ಇವಳ ಬಾಯಿ ಒರೆಸಿದ ಮೇಲೆ ನಾನು ಕೈ ತೊಳೆದೇ ಹಿಟ್ಟು ಮುಟ್ಟುತ್ತೇನೆ. ಆದರೂ ನನ್ನ ಶ್ಯಾವಿಗೆ ಬೇಡ ಅನ್ನುವವರು ಈಗಲೇ ಹೇಳಿಬಿಡಿ."

ವರ್ತಕ ಮುಂದಿನ ಕೋಣೆಯ ಕಡೆ ತಿರುಗಿ ನೋಡಿದ. "ಬೇಡ ಅನ್ನುವುದಕ್ಕಾದರೂ ಸ್ವಲ್ಪ ಉಳಿದಿರಬೇಕಲ್ಲ" ಎಂದ.

ಮುದುಕಿ ಮಾತ್ರ ಏನೋ ಯೋಚಿಸುತ್ತ ನಿಂತಿದ್ದಳು. "ಹಾಗಾದರೆ" ಎಂದಳು ಕೊನೆಗೆ, "ಹಬ್ಬಕ್ಕೆ ನನ್ನ ಅಂಗಳ ಸಾರಿಸಿದ್ದು ಯಾರ ಸಗಣಿಯಲ್ಲಿ?"

ಹೆಂಗಸು ಮೊದಲು ಅತ್ತಳು. ಆಮೇಲೆ ಎಮ್ಮೆಯ ವಿಷಯ ಹೇಳಿದಳು. ಮುದುಕಿ ಸಿಟ್ಟಿನಿಂದ ಎದ್ದು ಹೋದವಳು, ಸ್ವಲ್ಪ ಹೊತ್ತಿಗೆ ಒಂದು ಮೊರ ಗೋಧಿ ಹಿಟ್ಟು ಹಿಡಿದು, ಸೊಸೆಯನ್ನೂ ಕರೆದುಕೊಂಡು ಬಂದಳು. ಮದುವೆಗೆ ಇನ್ನು ಮೂರು ದಿನವಿತ್ತು. ಕೇರಿಯ ಏಳು ಜನ ಹೆಂಗಸರು ಕೂತು ಹೊಸೆದರು. ಒಳಗೆ ಜಾಗ ಸಾಲದೆ ಜಗುಲಿಯ ಮೇಲೆ ಕೂತರು. ತುಂಗವ್ವನನ್ನೂ ಅಲ್ಲಿಯೇ ಕೂರಿಸಿ, ಯಾರ ಕೈ ಬಿಡುವಾಯಿತೋ ಅವರು ಅವಳ ಬೆನ್ನಿಗೆ ಆಸರೆ ಕೊಟ್ಟರು. ಮುದುಕಿ ಹೊಸೆದದ್ದು ಹಗ್ಗದಷ್ಟು ದಪ್ಪವಾಗಿತ್ತು. ಸೊಸೆ ಹಾಗೆಂದು ಹೇಳಿದಳು. ಆ ಜಗಳ ಮದುವೆ ಮುಗಿದ ಮೇಲೂ ಮುಂದುವರಿಯಿತು.

ರೈತ ಮಾರನೆಯ ದಿನ ಮತ್ತೆ ಬಂದ. ಹಸು ರಾತ್ರಿಯೇ ಮೇವು ತಿಂದಿತ್ತು, ಆದರೆ ಹಾಲು ಇನ್ನೂ ಇಳಿಸಿರಲಿಲ್ಲ. ದಿನಕ್ಕೊಮ್ಮೆ ಹಸುವನ್ನು ನಿಮ್ಮ ಜಗುಲಿಗೆ ಕರೆತರಲೇ ಎಂದು ತಾಯಿಯನ್ನು ಕೇಳಿದ.

"ನನ್ನನ್ನೇನು ಕೇಳುತ್ತೀಯಪ್ಪ, ಅವಳನ್ನು ಕೇಳು" ಎಂದಳು ತಾಯಿ.

ರೈತ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ, ಜಗುಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, "ತುಂಗವ್ವ, ಹಸು ಕರೆದುಕೊಂಡು ಬರಲೇನವ್ವ?" ಎಂದ. ತುಂಗವ್ವ ತಲೆ ಎತ್ತಿ ಅವನನ್ನು ನೋಡಿದಳು. ಹಾಗೆ ನೋಡುತ್ತಲೇ ಇದ್ದಳು. ಆಮೇಲೆ ಕೇರಿಯ ಕೊನೆಯವರೆಗೆ ಕೇಳುವಂತೆ ಒಂದು ಸಲ ಕೂಗಿದಳು. ರೈತ ಅದನ್ನು ಒಪ್ಪಿಗೆ ಎಂದು ತಿಳಿದ. ಅದು ಸರಿಯಾಗಿಯೇ ಇತ್ತು.

ಆ ಕೇರಿಯಲ್ಲಿಯೂ ಎರಡು ಮನೆಯವರ ಮನಸ್ಸು ಒಪ್ಪಲಿಲ್ಲ. ಅವರು ಶ್ಯಾವಿಗೆ ಕೊಳ್ಳುವುದನ್ನು ಬಿಟ್ಟರು. ಮಿಕ್ಕವರು ಬಿಡಲಿಲ್ಲ. ಹುಲ್ಲು ತರುವುದನ್ನು ಮಾತ್ರ ನಿಲ್ಲಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸಗಣಿಯ ಮಾತು ನೆನೆದು ಇನ್ನೂ ನಗುತ್ತಿದ್ದ. ಕಣ್ಣು ಒರೆಸಿಕೊಂಡು ಹೇಳಿದ:

"ಹಾಗಾದರೆ ನಾನು ಕೇಳಿದ್ದು ಸರಿಯೇ ಆಯಿತು, ಗುರುಗಳೇ. ಕೇರಿಯವರಿಗೆ ಹೋದದ್ದು ಒಂದಷ್ಟು ಹುಲ್ಲು. ಶ್ಯಾವಿಗೆ ಮಾರಾಟವಾಯಿತು. ಇಡೀ ವರ್ಷ ಹೇಳಿದ ಸುಳ್ಳಿನಿಂದ ಯಾರಿಗೂ ನೋವಾಗಲಿಲ್ಲವಲ್ಲ."

ಗುರುಗಳು ಹೇಳಿದರು:

"ಮಗು, ತುಂಗವ್ವನಿಗೆ ಕಿವಿ ಕೇಳಿಸುತ್ತಿತ್ತು."